ನಿಮ್ಮ ನಾಯಿ ಲೇಖನದ ಬಗ್ಗೆ, ನೇರವಾಗಿ

ನಮಸ್ಕಾರ, ನೀವು ಕಳ್ಸಿದ ಲೇಖನ ಎರಡು ಸಲ ಓದ್ದೆ, ಈಗಿರೋ ಹಾಗೆ ಹಾಕಕ್ಕಾಗಲ್ಲ. ಜಾತಿ ನಾಯಿ ಸಾಕೋರೆಲ್ಲ ಶೋಕಿಗೆ ಸಾಕ್ತಾರೆ, ಕ್ರಾಸ್ ಮಾಡಿದ್ರೆ ಕಾಯಿಲೆನೇ ಬರಲ್ಲ, ಕಂತ್ರಿ ನಾಯಿನೇ ಗಟ್ಟಿ ಅಂತ ಮೂರು ಪುಟ ಬೈದಿದೀರ. ಬೈಗುಳ ಏನೋ ಚೆನ್ನಾಗಿದೆ, ವಾದ ಎಲ್ಲಿದೆ?

ಲ್ಯಾಬ್ರಡೂಡಲ್‌ನ ಹೊಗಳಿದೀರಲ್ಲ, ಅದು ಲ್ಯಾಬ್ರಡಾರ್, ಪೂಡಲ್ ಎರಡನ್ನೂ ಕೂಡ್ಸಿದ ಕ್ರಾಸ್. 80ರ ದಶಕದ ಕೊನೇಲಿ ಆಸ್ಟ್ರೇಲಿಯಾದಲ್ಲಿ ವಾಲಿ ಕಾನ್ರನ್ ಅದನ್ನ ಮಾಡಿದ್ದು ದಾರಿ ತೋರಿಸೋ ನಾಯಿ ಬೇಕಿದ್ದ, ಕಣ್ಣು ಕಾಣದ ಒಬ್ಬ ಹೆಂಗಸಿಗೋಸ್ಕರ, ಅವರ ಗಂಡನಿಗೆ ನಾಯಿ ಅಲರ್ಜಿ ಇತ್ತು ಅಂತ. ಆಮೇಲೆ ಕಂಡಕಂಡೋರೆಲ್ಲ ದುಡ್ಡಿಗೆ ಮರಿ ಹಾಕ್ಸೋದು ನೋಡಿ ಯಾಕಾದ್ರೂ ಮಾಡ್ದೆ ಅಂತ ಕಾನ್ರನ್ ಅವರೇ ನೊಂದ್ಕೊಂಡ್ರು. ಈ ಕೊನೇ ಭಾಗ ಬಿಟ್ಟುಬಿಟ್ಟಿದೀರ. ಲ್ಯಾಬ್‌ಗೂ ಪೂಡಲ್‌ಗೂ ಕಣ್ಣು ಹೋಗೋ ಒಂದೇ ಕಾಯಿಲೆ ವಂಶದಲ್ಲಿ ಬರ್ಬೋದು, ಟೆಸ್ಟ್ ಮಾಡ್ಸದೆ ಕೂಡ್ಸಿದ್ರೆ ಕ್ರಾಸ್ ಮರಿಗೂ ಅದು ತಪ್ಪಲ್ಲ.

ನಿಜವಾಗ್ಲೂ ನಿಮ್ಮ ಪರ ಇರೋ ಕತೆ ಡಾಲ್ಮೇಷಿಯನ್‌ದು, ಅದಕ್ಕೆ ಕೊಟ್ಟಿರೋದು ಒಂದೇ ಸಾಲು! ಅಪ್ಪಟ ಡಾಲ್ಮೇಷಿಯನ್ ಅನ್ನಿಸ್ಕೊಂಡ ಅಷ್ಟೂ ನಾಯಿಗಳಿಗೆ ಮೂತ್ರದಲ್ಲಿ ಯೂರಿಕ್ ಆಸಿಡ್ ಜಾಸ್ತಿ ಹೋಗೋ ದೋಷ, ಅದ್ರಿಂದ ಮೂತ್ರದ ಕಲ್ಲು ಆಗ್ಬೋದು. 1973ರಲ್ಲಿ ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ ಒಂದೇ ಒಂದು ಸಲ ಪಾಯಿಂಟರ್ ಅನ್ನೋ ಬೇರೆ ತಳಿ ಜೊತೆ ಕ್ರಾಸ್ ಮಾಡಿ, ಆಮೇಲೆ ತಲೆಮಾರುಗಟ್ಟಲೆ ಡಾಲ್ಮೇಷಿಯನ್‌ಗೇ ಕೂಡ್ಸ್ಕೊಂಡು ಬಂದು ಅದನ್ನ ಸರಿ ಮಾಡಿದ್ರು, ಜಾತಿ ನಾಯಿಗಳನ್ನ ನೋಂದಾಯಿಸೋ ಅಲ್ಲಿನ ಕೆನೆಲ್ ಕ್ಲಬ್ ಆ ವಂಶದ ನಾಯಿಗಳನ್ನ ಪೂರ್ತಿ ಒಪ್ಪಿದ್ದು 2011ರಲ್ಲಿ. ಮೂವತ್ತೆಂಟು ವರ್ಷ ರೀ, ರಕ್ತ ಶುದ್ಧ ಇರ್ಬೇಕು ಅಂತ!

ಇನ್ನು ಮುಧೋಳ ನಾಯಿ ಬಗ್ಗೆ ಒಂದು ಮಾತೂ ಇಲ್ಲ. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಆ ತಳಿ ಉಳಿಸಕ್ಕೇ ಒಂದು ಕೇಂದ್ರ ಇದೆ, ನಿಮ್ಮ ಲೆಕ್ಕದಲ್ಲಿ ಅದೂ ಶೋಕಿನಾ? ಉತ್ತರ ಬರೀಲೇಬೇಕು.

ಎರಡನೇ ಪುಟದಲ್ಲಿ ನಿಮ್ಮ ದೊಡ್ಡಪ್ಪನ ಶೆಡ್‌ನ ಹೆಣ್ಣು ಪಗ್, ಆ ಚಪ್ಪಟೆ ಮೂಗಿನ ನಾಯಿ, ಬರುತ್ತಲ್ಲ, ಎರಡು ತುತ್ತು ಅನ್ನ ತಿಂದು ಉಸಿರಿಗೋಸ್ಕರ ತಲೆ ಎತ್ತಿ ನಿಲ್ಲೋದು, ಮೂಗಿನ ಮಡಿಕೇಲಿ ಮೊಸರನ್ನ ಅಂಟಿರೋದು, ಅಲ್ಲಿ ನಾನು ಓದೋದು ನಿಲ್ಲಿಸ್ದೆ. ಆಮೇಲೆ ಅದನ್ನ ಆರನೇ ಸಲ ಮೇಟಿಂಗ್‌ಗೆ ಕಾರಲ್ಲಿ ಕರ್ಕೊಂಡು ಹೋದ್ರು ಅಂತೀರ, ಮುಂದಿನ ಸಾಲಲ್ಲೇ 'ಮಾನವನ ಕ್ರೌರ್ಯ'ಕ್ಕೆ ಹಾರ್ತೀರ. ನಮ್ಮ ದೇಶದ 2017ರ ನಾಯಿ ಬ್ರೀಡಿಂಗ್ ನಿಯಮದ ಪ್ರಕಾರ ಒಂದು ಹೆಣ್ಣುನಾಯಿಗೆ ಜೀವಮಾನಕ್ಕೆ ಐದೇ ಸೂಲು, ಹನ್ನೆರಡು ತಿಂಗಳಲ್ಲಿ ಒಂದೇ. ಇದು ನಿಮಗೆ ಗೊತ್ತಿರ್ಲಿಲ್ವೋ, ಇಲ್ಲಾ ದೊಡ್ಡಪ್ಪ ಓದ್ಬಿಡ್ತಾರೆ ಅಂತ ಬಿಟ್ರೋ?

ಶೆಡ್‌ನಿಂದನೇ ಶುರು ಮಾಡಿ ಇನ್ನೊಂದ್ಸಲ ಬರೀರಿ. 'ಮೂಕಪ್ರಾಣಿ' ಏಳು ಕಡೆ ಬಂದಿದೆ, ಆರು ತೆಗೀರಿ. ಆ ನಾಯಿ ಹೆಸ್ರು ಎಲ್ಲೂ ಇಲ್ಲ, ಅದನ್ನ ಹಾಕಿ.