ಪೋಪ್ ಮತ್ತು ಪಾಪ್ಯುಲಿಸ್ಟ್ ನಾಯಕ: ಹೋಲಿಕೆ ಎಲ್ಲಿ ಜಾರುತ್ತಿದೆ?

ಪೋಪ್‌ಗೂ ಪಾಪ್ಯುಲಿಸ್ಟ್ ನಾಯಕನಿಗೂ (ಜನಸಾಮಾನ್ಯರ ನಿಜವಾದ ದನಿ ತಾನೊಬ್ಬನೇ ಅನ್ನುವವನು) ಹೋಲಿಕೆ ಮಾಡಿದ ನಿಮ್ಮ ಪ್ರಬಂಧವನ್ನು ಗೈಡ್ ವಾಪಸ್ ಕಳಿಸಿದ್ದು ಬಹುಶಃ ಇದಕ್ಕೇ: ನೀವು ವ್ಯಕ್ತಿಗಳನ್ನು ಹೋಲಿಸಿದ್ದೀರಿ, ಅಧಿಕಾರ ಎಲ್ಲಿಂದ ಬಂತು ಅಂತ ಕೇಳಿಲ್ಲ.

ಮೊದಲು ಕ್ಯಾಥೊಲಿಕ್ ಚರ್ಚ್‌ನ ಕಾನ್‌ಸ್ಟನ್ಸ್ ಮಹಾಸಭೆಯಿಂದ (1414–18) ಶುರು ಮಾಡಿ. ಆಗ ಮೂವರು, ಒಬ್ಬೊಬ್ಬರೂ ತಾವೇ ಪೋಪ್ ಅನ್ನುತ್ತಿದ್ದರು. ತನ್ನ ಅಧಿಕಾರ ನೇರ ಕ್ರಿಸ್ತನಿಂದ ಬಂದದ್ದು, ಪೋಪ್ ಕೂಡ ಅದಕ್ಕೆ ತಲೆಬಾಗಬೇಕು ಎಂದು 1415ರಲ್ಲಿ ಸಭೆ ಘೋಷಿಸಿತು. ಇಬ್ಬರನ್ನು ಇಳಿಸಿತು, ಒಬ್ಬರು ತಾವೇ ಬಿಟ್ಟುಕೊಟ್ಟರು. ರಾಜನೂ ಸಂಸತ್ತಿಗೆ ತಲೆಬಾಗಬೇಕು ಅನ್ನುವ ವಾದಕ್ಕೆ ಎಷ್ಟು ಹತ್ತಿರ, ಅಲ್ವಾ?

ಆಮೇಲೆ 1870ರ ವ್ಯಾಟಿಕನ್ ಸಭೆಗೆ ಬನ್ನಿ. ನಂಬಿಕೆ, ನೀತಿಯ ಬಗ್ಗೆ ಪೋಪ್ ತಮ್ಮ ಪೀಠದಿಂದ ಕೊಡುವ ತೀರ್ಪಿಗೆ ಬೇರೆ ಯಾರ ಒಪ್ಪಿಗೆಯೂ ಬೇಡ ಎಂದಿತು. ವೆನೆಜುವೆಲಾದ ಅಧ್ಯಕ್ಷರಾಗಿದ್ದ ಪಾಪ್ಯುಲಿಸ್ಟ್ ನಾಯಕ ಚಾವೆಸ್ ‘ನಾನೆಂದರೆ ಇಡೀ ಜನತೆ’ ಅನ್ನುತ್ತಿದ್ದುದನ್ನು ಇದರ ಪಕ್ಕದಲ್ಲಿಡಿ.

ಆದರೆ ಪೋಪ್‌ಗೆ ಚರ್ಚ್‌ನ ಹಿಂದಿನ ಬೋಧನೆಯನ್ನು ಮೀರಬಾರದೆಂಬ ಕಟ್ಟು ಇದೆ, ಚಾವೆಸ್‌ಗೆ ಚುನಾವಣೆ ಇತ್ತು. ಈ ವ್ಯತ್ಯಾಸಕ್ಕೆ ಒಂದಿಡೀ ಪ್ಯಾರಾ ಕೊಟ್ಟು ಮತ್ತೆ ಕಳಿಸಿ.