ಹಾಡಿದವನಿಗೇ ಬೇಡವಾಗಿದ್ದ ಹಾಡು

ನೀವು ಕೇಳಿದ್ದು: "ಹಾಡಿದವರಿಗೇ ಇಷ್ಟವಿಲ್ಲದೆ ಬಿಡುಗಡೆಯಾಗಿ, ಆಮೇಲೆ ಭಾರಿ ಹಿಟ್ ಆದ ಹಾಡು ಯಾವುದಾದರೂ ಇದೆಯಾ?"

ಇದೆ. 'ಡೋಂಟ್ ಯೂ ವಾಂಟ್ ಮಿ'. ಇಂಗ್ಲೆಂಡಿನ ಶೆಫೀಲ್ಡ್ ಊರಿನ 'ದಿ ಹ್ಯೂಮನ್ ಲೀಗ್' ತಂಡದ್ದು. 1981ರ ನವೆಂಬರ್ ಕೊನೆಯಲ್ಲಿ ಬಂತು. ನಾನು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವನು. ಸಿಂಥಸೈಜರ್ (ಎಲೆಕ್ಟ್ರಾನಿಕ್ ಆಗಿ ಸದ್ದು ಹುಟ್ಟಿಸುವ ವಾದ್ಯ, ಚಿಕ್ಕದಾಗಿ ಸಿಂಥ್) ಹೇಗೆ ಬಳಸಬೇಕು ಅಂತ ತಿಳಿಯೋಕೆ ಹಳೆಯ ಹಾಡುಗಳನ್ನು ಹುಡುಕಿ ಹುಡುಕಿ ಕೇಳಿದ್ದೇನೆ. ಇದನ್ನು ಕೇಳಿದಷ್ಟು ಸಲ ಬೇರೆ ಯಾವುದನ್ನೂ ಕೇಳಿಲ್ಲ.

ಈ ಹಾಡಿಗೆ ಒಂದು ವರ್ಷ ಮೊದಲು ತಂಡ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಸಂಗೀತದ ಭಾರ ಹೊತ್ತಿದ್ದ ಇಬ್ಬರು ಜಗಳವಾಡಿ ಹೊರಟುಹೋಗಿ 'ಹೆವನ್ 17' ಅಂತ ಬೇರೆ ತಂಡ ಕಟ್ಟಿದರು. ಉಳಿದವರು ಗಾಯಕ ಫಿಲಿಪ್ ಓಕಿ, ಮತ್ತೆ ಸ್ಟೇಜ್ ಹಿಂದೆ ಸ್ಲೈಡ್ ಹಾಕುತ್ತಿದ್ದ ಏಡ್ರಿಯನ್ ರೈಟ್, ಇಬ್ಬರೇ. ಯೂರೋಪ್ ಟೂರ್ ಬೇರೆ ಬುಕ್ ಆಗಿತ್ತು. ಓಕಿ ಒಂದು ರಾತ್ರಿ ಊರಿನ 'ಕ್ರೇಜಿ ಡೇಜಿ' ನೈಟ್‌ಕ್ಲಬ್‌ಗೆ ಹೋದ. ಅಲ್ಲಿ ಕುಣಿಯುತ್ತಿದ್ದ ಇಬ್ಬರು ಗೆಳತಿಯರನ್ನು ನೋಡಿ ತಂಡಕ್ಕೆ ಬರ್ತೀರಾ ಅಂತ ಕೇಳಿದ. ಅವರೇ ಸೂಸನ್ ಸಲ್ಲಿ ಮತ್ತು ಜೋಆನ್ ಕ್ಯಾಥರಾಲ್. ಒಬ್ಬಳಿಗೆ 17, ಇನ್ನೊಬ್ಬಳಿಗೆ 18. ಇಬ್ಬರೂ ಇನ್ನೂ ಸ್ಕೂಲಿಗೆ ಹೋಗುತ್ತಿದ್ದರು. ವೃತ್ತಿಯಿಂದ ಹಾಡುವವರೇ ಅಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ 'ಡೇರ್' ಆಲ್ಬಮ್ ಶುರುವಾಯಿತು. ರೆಕಾರ್ಡಿಂಗ್ ನೋಡಿಕೊಂಡ ಪ್ರೊಡ್ಯೂಸರ್ ಮಾರ್ಟಿನ್ ರಶೆಂಟ್. ಸ್ವರಗಳನ್ನು ಮೊದಲೇ ತುಂಬಿಸಿಟ್ಟರೆ ಸಿಂಥ್‌ಗಳನ್ನು ತಾನೇ ನುಡಿಸುವ ರೋಲ್ಯಾಂಡ್ ಕಂಪನಿಯ ಎಂಸಿ-8 ಸೀಕ್ವೆನ್ಸರ್, ಲಿನ್ ಎಲ್‌ಎಂ-1 ಡ್ರಮ್ ಮೆಷಿನ್, ಸುತ್ತ ಸಿಂಥ್‌ಗಳು. ಎಂಸಿ-8ರಲ್ಲಿ ಕೀ ಒತ್ತಿ ನುಡಿಸುವ ಹಾಗಿಲ್ಲ. ಪ್ರತಿ ಸ್ವರಕ್ಕೂ ನಂಬರ್ ಟೈಪ್ ಮಾಡಬೇಕು. ಯಾವ ಸ್ವರ, ಎಷ್ಟು ಹೊತ್ತು, ಎಲ್ಲಿ ನಿಲ್ಲಬೇಕು ಅಂತ ಒಂದೊಂದನ್ನೇ ತುಂಬಿಸಬೇಕು. ನಾನು ಈ ಹಾಡಿನ ಶುರುವಿನ ಬೇಸ್ ಸಾಲನ್ನು ಎಡಗೈಯಲ್ಲಿ ನುಡಿಸಿ ನೋಡಿದ್ದೇನೆ. ಸ್ವರ ಕಷ್ಟವೇನಲ್ಲ. ಆದರೆ ಎರಡು ನಿಮಿಷಕ್ಕೆ ಬೆರಳು ಸ್ವಲ್ಪ ಹಿಂದೆ ಮುಂದೆ ಆಗೇ ಆಗುತ್ತದೆ. ಮೆಷಿನ್ ನುಡಿಸಿದ್ದು ಕೂದಲೆಳೆಯಷ್ಟೂ ಅಲುಗುವುದಿಲ್ಲ.

ಹಾಡು ಮೊದಲು ಒಬ್ಬ ಗಂಡಸು ಹಾಡುವುದು ಅಂತಲೇ ಇತ್ತು. ಹುಡುಗಿಯರ ಪತ್ರಿಕೆಯೊಂದರಲ್ಲಿ ಫೋಟೋಗಳಲ್ಲೇ ಹೇಳಿದ ಕತೆಯೊಂದನ್ನು ನೋಡಿ ಓಕಿಗೆ ಹೊಳೆದದ್ದು. ಆಮೇಲೆ ಅವನೇ ಅದನ್ನು ಇಬ್ಬರ ಜಗಳ ಮಾಡಿದ. ಹೆಣ್ಣಿನ ಭಾಗ ಸೂಸನ್‌ಗೆ ಬಂತು. ಜೋಆನ್‌ಗೆ ಬರದೆ ತನಗೆ ಬಂದದ್ದು ಬರೀ ಅದೃಷ್ಟ ಅಂತ ಸೂಸನ್ನೇ ಹೇಳಿಕೊಂಡಿದ್ದಾಳೆ.

ಜಗಳ ಬಂದದ್ದು ಎಲ್ಲ ಸದ್ದುಗಳನ್ನು ಸೇರಿಸಿ ಮಿಕ್ಸ್ ಮಾಡಿದ ಮೇಲೆ. ರಶೆಂಟ್ ಮತ್ತು ಆಮೇಲೆ ತಂಡ ಸೇರಿದ್ದ ಜೋ ಕ್ಯಾಲಿಸ್ ಕೂತು ಹಾಡಿನ ಒರಟುತನ ತೆಗೆದು ಮೆತ್ತಗೆ ಮಾಡಿದ್ದರು. ಓಕಿಗೆ ಸಿಟ್ಟು ನೆತ್ತಿಗೇರಿತು. ಆಲ್ಬಮ್‌ನಲ್ಲೇ ಇದು ಎಲ್ಲಕ್ಕಿಂತ ಸಪ್ಪೆ ಹಾಡು ಅಂದ. ಅದಕ್ಕೇ ಅದು ಎರಡನೇ ಬದಿಯ ಕೊಟ್ಟಕೊನೆಗೆ ಹೋಯಿತು. ಆ ಆಲ್ಬಮ್‌ನಿಂದ ಆಗಲೇ ಮೂರು ಸಿಂಗಲ್ (ಬಿಡಿ ಹಾಡಿನ ರೆಕಾರ್ಡ್) ಬಂದಾಗಿತ್ತು. ವರ್ಜಿನ್ ರೆಕಾರ್ಡ್ ಕಂಪನಿಯ ಸೈಮನ್ ಡ್ರೇಪರ್ ನಾಲ್ಕನೆಯದು ಇದೇ ಆಗಲಿ ಅಂತ ಪಟ್ಟು ಹಿಡಿದ. ಜನಕ್ಕೆ ನಮ್ಮನ್ನು ಕೇಳಿ ಕೇಳಿ ಸಾಕಾಗಿದೆ, ಇದನ್ನು ಬಿಟ್ಟರೆ ಇದ್ದ ಹೆಸರೂ ಹೋಗುತ್ತದೆ ಅಂತ ಓಕಿಯ ವಾದ. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದ. ರೆಕಾರ್ಡ್ ಜೊತೆ ಒಂದು ದೊಡ್ಡ ಕಲರ್ ಪೋಸ್ಟರ್ ಕೊಡಬೇಕು. ಬರೀ ಹಾಡಿಗೆ ದುಡ್ಡು ಕೊಟ್ಟವರಿಗೆ ಮೋಸ ಆಯ್ತು ಅನ್ನಿಸಬಾರದಲ್ವಾ! ನನಗೆ ಈ ಇಡೀ ಕತೆಯಲ್ಲಿ ತುಂಬ ಇಷ್ಟವಾದದ್ದು ಇದೇ. ಹಾಡು ಸರಿಯಿಲ್ಲ ಅಂತ ನಂಬಿದ್ದರೂ ಕೊಳ್ಳುವವರ ದುಡ್ಡಿನ ಬಗ್ಗೆ ಯೋಚನೆ ಮಾಡಿದ್ದಾನೆ.

ಆಮೇಲೆ ಆದದ್ದು ನಿಮಗೆ ಗೊತ್ತಿರಬಹುದು. ಬ್ರಿಟನ್‌ನಲ್ಲಿ ಐದು ವಾರ ನಂಬರ್ ಒನ್. ಕ್ರಿಸ್‌ಮಸ್ ವಾರದಲ್ಲಿ ಮೊದಲ ಸ್ಥಾನ ಸಿಗುವುದು ಅಲ್ಲಿ ದೊಡ್ಡ ಮರ್ಯಾದೆ, ಆ ವರ್ಷ ಅದೂ ಇದಕ್ಕೇ. 1981ರಲ್ಲಿ ಅಲ್ಲಿ ಎಲ್ಲಕ್ಕಿಂತ ಜಾಸ್ತಿ ಮಾರಾಟವಾದ ಸಿಂಗಲ್ ಕೂಡ ಇದೇ. ಇಲ್ಲಿಯವರೆಗೆ 15 ಲಕ್ಷಕ್ಕೂ ಹೆಚ್ಚು ಪ್ರತಿ ಹೋಗಿದೆ. ಮುಂದಿನ ವರ್ಷ ಜುಲೈನಲ್ಲಿ ಅಮೆರಿಕದಲ್ಲೂ ಮೂರು ವಾರ ಮೊದಲ ಸ್ಥಾನ. ಅಲ್ಲಿ ಆಗಷ್ಟೇ ಹಾಡಿನ ವಿಡಿಯೋ ತೋರಿಸುವ ಎಂಟಿವಿ ಚಾನೆಲ್ ಶುರುವಾಗಿತ್ತು. ಸ್ಟೀವ್ ಬ್ಯಾರನ್ ಸಿನಿಮಾ ಶೂಟಿಂಗ್ ನಡೆಯುವ ಹಾಗೆ ತೆಗೆದ ವಿಡಿಯೋ ಅಲ್ಲಿ ಬಹಳ ಕೆಲಸ ಮಾಡಿತು.

ಓಕಿ ಯಾಕೆ ತಪ್ಪಿದ? ನನಗನ್ನಿಸುವುದು ಇಷ್ಟು: ಅವನು ಸದ್ದನ್ನು ಕೇಳಿದ, ಜನ ಸೂಸನ್‌ಳನ್ನು ಕೇಳಿದರು. ಮೊದಲ ಚರಣದಲ್ಲಿ ಗಂಡಸು ದಪ್ಪ ದನಿಯಲ್ಲಿ ಲೆಕ್ಕ ಒಪ್ಪಿಸುತ್ತಾನೆ: ನೀನು ಬಾರ್‌ನಲ್ಲಿ ವೇಟ್ರೆಸ್ ಆಗಿದ್ದೆ, ನಿನ್ನನ್ನು ಮೇಲೆ ತಂದವನು ನಾನು, ಮತ್ತೆ ಕೆಳಗಿಳಿಸೋಕೂ ಗೊತ್ತು. ಎರಡನೇ ಚರಣದಲ್ಲಿ ಅವಳು ಬರುತ್ತಾಳೆ. ಹೌದು, ಅಲ್ಲಿ ಕೆಲಸ ಮಾಡ್ತಿದ್ದೆ. ಆದರೆ ನೀನಿಲ್ಲದಿದ್ದರೂ ನಾನು ಮೇಲೆ ಬರುತ್ತಿದ್ದೆ. ಇದನ್ನು ನುರಿತ ಗಾಯಕಿ ಹಾಡಿದ್ದರೆ ಗಮಕ ಸೇರಿಸಿ, ಉಸಿರೆಳೆದು, ಅಳು ತರುತ್ತಿದ್ದಳು. ಸೂಸನ್ ಸುಮ್ನೆ ಹೇಳುತ್ತಾಳೆ. ದನಿ ತೆಳು, ಒಂದಿಷ್ಟು ಚಪ್ಪಟೆ. ಬಸ್‌ಸ್ಟಾಪಿನಲ್ಲಿ ನಿಂತ ಹುಡುಗಿ ಮಾತಾಡಿದ ಹಾಗಿದೆ. ಅದಕ್ಕೇ ಅವಳನ್ನು ನಂಬಬೇಕು ಅನ್ನಿಸುತ್ತದೆ. ರಶೆಂಟ್ ಹಾಡನ್ನು ಮೆತ್ತಗೆ ಮಾಡದಿದ್ದರೆ ಆ ದನಿಗೆ ಅಲ್ಲಿ ಜಾಗವೇ ಇರುತ್ತಿರಲಿಲ್ಲ.

ಒಂದು ಸಲ ಕಾರ್ಯಕ್ರಮ ಮುಗಿಸಿ ರಾತ್ರಿ ಎರಡು ಗಂಟೆಗೆ ಟೆಂಪೋದಲ್ಲಿ ಬರುವಾಗ ಇದನ್ನು ಹಾಕಿದ್ದೆ. ನಮ್ಮ ಗಾಯಕಿ ಹಿಂದಿನ ಸೀಟಿನಲ್ಲಿ ನಿದ್ದೆಗಣ್ಣಲ್ಲಿದ್ದಳು. ಸೂಸನ್ ಭಾಗ ಬಂದಾಗ ಎದ್ದು ಕೂತಳು. "ಯಾರಣ್ಣ ಇವಳು? ಹೆದರಿಕೇನೇ ಇಲ್ವಲ್ಲ" ಅಂದಳು. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ.

ಬಹಳ ಜನ ಇದನ್ನು ಪ್ರೇಮಗೀತೆ ಅಂತ ಹಾಡುತ್ತಾರೆ. ಅದಲ್ಲ ಅಂತ ಓಕಿ ಮತ್ತೆ ಮತ್ತೆ ಹೇಳಿದ್ದಾನೆ. ಗಂಡುಹೆಣ್ಣಿನ ನಡುವೆ ಯಾರ ಕೈ ಮೇಲೆ ಅನ್ನುವ ಕೆಟ್ಟ ಹಗ್ಗಜಗ್ಗಾಟ ಅದು. ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮೊದಲ ಪಲ್ಲವಿ ಮುಗಿದು ಅವಳು ಬಾಯಿ ತೆರೆಯುವ ಕ್ಷಣಕ್ಕೆ ಕಾಯಿರಿ. ಕೆಳಗೆ ಮೆಷಿನ್ ಒಂದಿಷ್ಟೂ ಬದಲಾಗುವುದಿಲ್ಲ, ಅದೇ ಬೇಸ್, ಅದೇ ತಾಳ. ಆದರೂ ಹಾಡು ಅವಳ ಕಡೆ ವಾಲುವುದು ನಿಮಗೇ ಕೇಳಿಸುತ್ತದೆ.