ಕಾನೂನು ಪ್ರಶ್ನೋತ್ತರ: ವಿಡಿಯೊ ಮೂಲಕ ನೋಟರಿ

ಪ್ರಶ್ನೆ: ಟೆಕ್ಸಾಸಿನಲ್ಲಿ ನನ್ನ ಮತ್ತು ಮಗಳ ಜಂಟಿ ಹೆಸರಿನಲ್ಲಿರುವ ಮನೆ ಮಾರುತ್ತಿದ್ದೇವೆ. ಮೈಸೂರಿನಲ್ಲೇ ಕೂತು ಅಲ್ಲಿನ ನೋಟರಿಯೆದುರು ವಿಡಿಯೊದಲ್ಲಿ ಕ್ರಯಪತ್ರಕ್ಕೆ ಸಹಿ ಹಾಕಬಹುದೇ?

ಉತ್ತರ: ಟೆಕ್ಸಾಸ್ ಕಾನೂನು 2018ರ ಜುಲೈ 1ರಿಂದ ಇದಕ್ಕೆ ಅವಕಾಶ ಕೊಟ್ಟಿದೆ. ನೋಟರಿ ಆ ಹೊತ್ತಿಗೆ ಟೆಕ್ಸಾಸಿನೊಳಗೇ ಇರಬೇಕು. ನೀವು ಎಲ್ಲಿದ್ದರೂ ಸರಿ. ಮಾಮೂಲಿ ನೋಟರಿ ಸಾಲದು, ಆನ್‌ಲೈನ್ ನೋಟರಿಯೆಂದು ಪ್ರತ್ಯೇಕ ನೇಮಕವಾಗಿರಬೇಕು.

ತೊಡಕಿರುವುದು ಗುರುತಿನಲ್ಲಿ. ನೋಟರಿಗೆ ನಿಮ್ಮ ಖುದ್ದು ಪರಿಚಯವಿಲ್ಲದಿದ್ದರೆ, ಫೋಟೊ ಮತ್ತು ಸಹಿ ಎರಡೂ ಇರುವ ಸರ್ಕಾರಿ ಗುರುತುಪತ್ರವನ್ನು ಕ್ಯಾಮೆರಾಕ್ಕೆ ತೋರಿಸಬೇಕು. ಅದು ಅಸಲಿಯೇ ಎಂದು ತಂತ್ರಾಂಶ ಪರೀಕ್ಷಿಸುತ್ತದೆ. ಆಮೇಲೆ ನೀವು ನೀವೇ ಎಂದು ಖಾತ್ರಿಪಡಿಸಲು ನಿಮ್ಮ ಬಗ್ಗೆಯೇ ಕನಿಷ್ಠ ಐದು ಪ್ರಶ್ನೆ ಬರುತ್ತವೆ, ಎರಡು ನಿಮಿಷದಲ್ಲಿ ಶೇ 80 ಸರಿಯುತ್ತರ ಕೊಡಬೇಕು. ಅಂದರೆ ಐದರಲ್ಲಿ ಒಂದೇ ತಪ್ಪಿಗೆ ಜಾಗ. ಹಿಂದೆ ವಾಸವಿದ್ದ ರಸ್ತೆ ಯಾವುದು, ಕಾರು ಸಾಲ ಯಾವ ವರ್ಷದ್ದು, ಇಂಥವೇ. ಇವೆಲ್ಲ ಅಮೆರಿಕದ ದಾಖಲೆಗಳಿಂದ ಹೆಕ್ಕಿದವು. ಅಲ್ಲಿ ಸೋಷಿಯಲ್ ಸೆಕ್ಯುರಿಟಿ ನಂಬರ್ (ಅಲ್ಲಿನ ಸರ್ಕಾರ ಕೊಡುವ ಗುರುತು ಸಂಖ್ಯೆ) ಆಗಲಿ ಸಾಲದ ಇತಿಹಾಸವಾಗಲಿ ಇಲ್ಲದವರಿಗೆ ಕೇಳಲು ಪ್ರಶ್ನೆಗಳೇ ಸಿಗುವುದಿಲ್ಲ. ಎಷ್ಟೋ ಅಪ್ಪಅಮ್ಮಂದಿರ ಅರ್ಜಿ ನಿಲ್ಲುವುದು ಇಲ್ಲೇ. ಪಾಸ್‌ಪೋರ್ಟಿನಲ್ಲಿ ಹೆಸರು ಪೂರ್ತಿ ಬಿಡಿಸಿ ಬರೆದು, ಕ್ರಯಪತ್ರದಲ್ಲಿ ಇನಿಷಿಯಲ್ ಮಾತ್ರ ಇದ್ದರೂ ರಗಳೆಯೇ.

ಆ ದಾರಿ ಮುಚ್ಚಿದರೆ ಚೆನ್ನೈಯ ಅಮೆರಿಕ ಕಾನ್ಸುಲೇಟಿನಲ್ಲಿ ಸಮಯ ಗೊತ್ತುಮಾಡಿಕೊಳ್ಳಿ. ಪ್ರತಿ ಮೊಹರಿಗೆ 50 ಡಾಲರ್. ಪತ್ರಕ್ಕೆ ಮನೆಯಲ್ಲೇ ಸಹಿ ಹಾಕಿಕೊಂಡು ಹೋಗಬೇಡಿ, ಅಧಿಕಾರಿಯ ಮುಂದೆಯೇ ಹಾಕಬೇಕು.

ವಿಡಿಯೊದಲ್ಲೇ ಮುಗಿದರೆ, ಬಂದ ಪಿಡಿಎಫ್ ಫೈಲನ್ನು ಹಾಗೆಯೇ ಕಳುಹಿಸಿ. ಮತ್ತೆ ಪ್ರಿಂಟ್ ಕೊಟ್ಟು ಹೊಸ ಪಿಡಿಎಫ್ ಮಾಡಿದರೆ ಮೊಹರಿನ ಚಿತ್ರ ಉಳಿಯುತ್ತದೆ, ಅದರ ಹಿಂದಿನ ಡಿಜಿಟಲ್ ಸಹಿ ಹೋಗುತ್ತದೆ. ವಿಡಿಯೊ ದಾಖಲೆಯನ್ನು ಕನಿಷ್ಠ ಐದು ವರ್ಷ ಕಾಪಾಡುವ ಹೊಣೆ ನೋಟರಿಯದು. ಇಷ್ಟಕ್ಕೂ ಮೊದಲು, ಮಾರಾಟ ನಡೆಸಿಕೊಡುವ ಟೈಟಲ್ ಕಂಪನಿ (ಆಸ್ತಿಯ ಹಕ್ಕು ಪರಿಶೀಲಿಸುವ ಸಂಸ್ಥೆ) ಆನ್‌ಲೈನ್ ನೋಟರಿಯನ್ನು ಒಪ್ಪುತ್ತದೆಯೇ ಎಂದು ಮಗಳಿಂದ ಕೇಳಿಸಿ.

ಪ್ರಶ್ನೆ: ಇದೇ ರೀತಿ ಮಗಳು ಅಲ್ಲಿಂದ ಮೈಸೂರಿನ ಸೈಟಿಗೆ ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮಾಡಿ ಕಳಿಸಬಹುದೇ?

ಉತ್ತರ: ಬೇಡ. ಡಿಜಿಟಲ್ ಸಹಿಗೆ ಮಾನ್ಯತೆ ಕೊಡುವ ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆ 2000, ಇಂಥ ಜಿಪಿಎಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಕಾಗದದ ಮೇಲೆ ಶಾಯಿ ಸಹಿ, ಅಲ್ಲಿನ ನೋಟರಿ, ಆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ ಅಪೊಸ್ಟಿಲ್ (ಬೇರೆ ದೇಶದಲ್ಲಿ ಪತ್ರ ನಡೆಯುವಂತೆ ಕೊಡುವ ದೃಢೀಕರಣ), ಈ ಕ್ರಮದಲ್ಲಿ ಮಾಡಿಸಿ. ಪತ್ರ ಭಾರತದಲ್ಲಿ ಕೈಸೇರಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಕೊರಿಯರ್ ಲಕೋಟೆಯನ್ನು ಎಸೆಯಬೇಡಿ, ಬಂದ ದಿನಾಂಕಕ್ಕೆ ಅದೇ ಸಾಕ್ಷಿ.